ಹವೆ ಬದಲಾಯಿಸುವವರ ಊರಿನಲ್ಲಿ ಕೊನೆಯ ದಿನ

ಪ್ರವಾಸದ ಕೊನೆಯ ದಿನಕ್ಕೆ ತನ್ನದೇ ಆದ ಒಂದು ಸ್ವಭಾವವಿದೆ. ನೋಡಲೇಬೇಕಾದುದನ್ನೆಲ್ಲ ಅಷ್ಟರೊಳಗೆ ನೋಡಿ ಮುಗಿಸಿರುತ್ತೇವೆ. ಪೆಟ್ಟಿಗೆಯ ತೂಕ ಮಿತಿಯನ್ನು ಮೀರಿತೇನೋ ಎಂಬ ಚಿಂತೆಯೊಂದು ಮಾತ್ರ ಉಳಿದಿರುತ್ತದೆ. ಅನೇಕರು ಆ ದಿನವನ್ನು ಹೋಟೆಲಿನ ಕೋಣೆಯಲ್ಲಿಯೇ ಕಳೆದುಬಿಡುತ್ತಾರೆ. ಆದರೆ ಯಾವ ಪಟ್ಟಿಗೂ ಕಟ್ಟುಬೀಳದೆ ಒಂದು ಊರನ್ನು ಸಾವಧಾನವಾಗಿ ನೋಡಲು ಅದಕ್ಕಿಂತ ಪ್ರಶಸ್ತವಾದ ದಿನ ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

2022ರ ನವೆಂಬರ್ 1ರಂದು ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ನನಗೂ ನನ್ನ ಪತ್ನಿಗೂ ಅಂಥದೊಂದು ದಿನ ಒದಗಿತು. ಆ ದೇಶದಲ್ಲಿ ಉದ್ಯೋಗದಲ್ಲಿರುವ ಮಗಳು ಏರ್ಪಡಿಸಿದ್ದ ಒಂದು ವಾರದ ವಾಸ ಮುಗಿದಿತ್ತು. ಮರುದಿನ ಬೆಳಗಿನ ಜಾವಕ್ಕೆ ವಿಮಾನ. ಮುಂಬಯಿಯಲ್ಲಿ ನಮ್ಮ ಬಂಧುಗಳು ರಾಜ್ಯೋತ್ಸವದ ಧ್ವಜವೇರಿಸಿ, ಊಟವನ್ನೂ ಮುಗಿಸಿದ್ದ ಹೊತ್ತಿಗೆ ನಾವು ಇಟಲಿಯ ಗಡಿಯ ಕಡೆಗೆ ಹೋಗುವ ಸ್ಥಳೀಯ ರೈಲನ್ನು ಹತ್ತಿದೆವು. ಮಾಂತೋನ್ ಎಂಬುದು ಆ ಕರಾವಳಿಯಲ್ಲಿ ಫ್ರಾನ್ಸಿನ ಕಟ್ಟಕಡೆಯ ಪಟ್ಟಣ. ಮುಕ್ಕಾಲು ಗಂಟೆಯೊಳಗಿನ ದಾರಿ. ಬಲಕ್ಕೆ ಸಮುದ್ರ, ಎಡಕ್ಕೆ ಕಡಿದಾದ ಬೆಟ್ಟ, ನಡುನಡುವೆ ಸುರಂಗ. ನಮ್ಮ ಕೊಂಕಣದ ದಾರಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಇಲ್ಲಿಯ ನೀರಿನ ನೀಲಿಯೇ ಬೇರೆ. ಸ್ತೆಫೆನ್ ಲಿಯೆಜಾರ್ ಎಂಬ ಲೇಖಕ 1887ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ‘ಕೋತ್ ದಾಜೂರ್’, ಎಂದರೆ ನೀಲಿಯ ಕರಾವಳಿ, ಎಂದು ಹೆಸರಿಟ್ಟ. ಆ ಹೆಸರೇ ನಿಂತಿತು.

ಇಂದು ಆ ಹೆಸರನ್ನು ಕೇಳಿದೊಡನೆ ಮನಸ್ಸಿಗೆ ಬರುವುದು ಸಿನೆಮಾ ನಟನಟಿಯರು, ವಿಹಾರನೌಕೆಗಳು, ಬಿಸಿಲಿಗೆ ಮೈಯೊಡ್ಡಿ ಮಲಗಿದ ಜನರು. ಈ ಪಟ್ಟಣಗಳನ್ನು ಬೆಳೆಸಿದವರಲ್ಲಿ ಬಹುಮಂದಿ ರೋಗಿಗಳೆಂಬುದು ಹೆಚ್ಚಿನ ಪ್ರವಾಸಿಗರಿಗೆ ತಿಳಿಯದು. ಸ್ಕಾಟ್ಲೆಂಡಿನ ಕಾದಂಬರಿಕಾರನೂ ವೈದ್ಯನೂ ಆಗಿದ್ದ ಟೋಬಿಯಾಸ್ ಸ್ಮಾಲೆಟ್ ಎದೆಯ ಬೇನೆಯಿಂದ ಬಳಲಿ 1763ರಲ್ಲಿ ನೀಸ್‌ಗೆ ಬಂದ. ಅವನು ಬರೆದ ಪ್ರವಾಸಕಥನದಲ್ಲಿ ಗೊಣಗಾಟವೇ ಹೆಚ್ಚಾದರೂ ಅಲ್ಲಿಯ ಹವೆಯನ್ನು ಹೊಗಳಿದ್ದ. ಶ್ರೀಮಂತ ರೋಗಿಗಳಿಗೆ ಅಷ್ಟೇ ಸಾಕಾಯಿತು. ಮುಂದೆ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಆಂಗ್ಲ ವೈದ್ಯ, ಕ್ಷಯದಿಂದ ಇನ್ನು ತಾನು ಬದುಕುವುದಿಲ್ಲವೆಂದು ತೀರ್ಮಾನಿಸಿಕೊಂಡು, 1859ರಲ್ಲಿ ಮಾಂತೋನಿಗೆ ಬಂದಿಳಿದ. ಸಾಯಲು ಬಂದವನು ಚೇತರಿಸಿಕೊಂಡ; ಅಲ್ಲಿಯ ಚಳಿಗಾಲದ ಹವೆಯ ಗುಣವನ್ನು ಕುರಿತು ಪುಸ್ತಕ ಬರೆದ; 1891ರವರೆಗೂ ಬಾಳಿದ. ಒಬ್ಬ ವೈದ್ಯ ತನ್ನ ದೇಹವನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಮೇಲೆ ಸಂದೇಹಿಸುವವರಾರು? 1864ರಲ್ಲಿ ನೀಸ್‌ಗೂ 1869ರಲ್ಲಿ ಮಾಂತೋನಿಗೂ ರೈಲು ಬಂದಿತು. ಲಂಡನ್ನಿನಿಂದ, ಬರ್ಲಿನ್ನಿನಿಂದ, ಪೀಟರ್ಸ್‌ಬರ್ಗಿನಿಂದ ಕೆಮ್ಮುವವರ ಸಾಲು ಹೊರಟಿತು. ಚಳಿಗಾಲ ಕಳೆಯಿತೆಂದರೆ ಹೋಟೆಲುಗಳೇ ಬಾಗಿಲು ಹಾಕುತ್ತಿದ್ದವು. ಈಗ ಜನ ಮುಗಿಬೀಳುವ ಬೇಸಿಗೆಯಲ್ಲಿ ಆಗ ಅಲ್ಲಿ ಪರದೇಶದವರು ವಿರಳ. ಬಿಸಿಲಿನಲ್ಲಿ ಮೈ ಕಂದಿಸಿಕೊಳ್ಳುವ ಖಯಾಲಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಹೀಗೆ ಬಂದವರಲ್ಲಿ ಆರ್. ಎಲ್. ಸ್ಟೀವನ್ಸನ್ ಒಬ್ಬ. ಇಪ್ಪತ್ತಮೂರರ ತರುಣನಾಗಿದ್ದಾಗ, 1873ರ ಚಳಿಗಾಲದಲ್ಲಿ, ವೈದ್ಯರ ಆಜ್ಞೆಯಂತೆ ಮಾಂತೋನಿನಲ್ಲಿ ತಂಗಿದ್ದ. ಆಂಟನ್ ಚೆಕಾಫ್ ತಾನೇ ವೈದ್ಯನಾಗಿದ್ದೂ 1897–98ರ ಚಳಿಗಾಲವನ್ನು ನೀಸ್‌ನ ಒಂದು ರಷ್ಯನ್ ವಸತಿಗೃಹದಲ್ಲಿ ಕಳೆದ. 1904ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿಗೆ, ಅದೇ ಕ್ಷಯ ಅವನನ್ನು ಕೊಂಡೊಯ್ದಿತು. ಚಿತ್ರಕಾರ ಆಬ್ರೆ ಬಿಯರ್ಡ್ಸ್‌ಲಿ 1898ರಲ್ಲಿ ಮಾಂತೋನಿನಲ್ಲಿಯೇ ತೀರಿಕೊಂಡಾಗ ಅವನಿಗೆ ಇಪ್ಪತ್ತೈದು ವರ್ಷ.

ಮಾಂತೋನಿನ ಹಳೆಯ ಸ್ಮಶಾನವಿರುವುದು ಊರಿನ ನೆತ್ತಿಯ ಮೇಲೆ, ಒಂದು ಕಾಲದಲ್ಲಿ ಕೋಟೆಯಿದ್ದ ಜಾಗದಲ್ಲಿ. ಸಂತ ಮಿಕಾಯೇಲನ ದೇವಾಲಯದ ಪಕ್ಕದಿಂದ ಕಿರುಓಣಿಗಳ ಮೆಟ್ಟಿಲುಗಳನ್ನು ಏರಬೇಕು. ಮಂಡಿನೋವಿನವರಿಗೆ ಒಂದು ಮಾತು: ಅವಸರಪಡಬೇಡಿ, ನೀರಿನ ಬಾಟಲಿಯನ್ನು ಕೈಯಲ್ಲಿಟ್ಟುಕೊಂಡು ಹತ್ತು ಮೆಟ್ಟಿಲಿಗೊಮ್ಮೆ ನಿಂತು ಹಿಂದಿರುಗಿ ನೋಡಿ. ಹಿಂದಿರುಗಿ ನೋಡಿದಷ್ಟೂ ಸಮುದ್ರ ಅಗಲವಾಗುತ್ತ ಹೋಗುತ್ತದೆ. ಆ ವರ್ಷ ಫ್ರಾನ್ಸಿನ ಅಕ್ಟೋಬರ್ ಅಸಾಧಾರಣವಾಗಿ ಬೆಚ್ಚಗಿದ್ದುದರಿಂದ ನವೆಂಬರಿನಲ್ಲಿಯೂ ನಮಗೆ ಉಣ್ಣೆಯ ಅಂಗಿ ಹೊರೆಯಾಗಿತ್ತು.

ನವೆಂಬರ್ 1 ಅಲ್ಲಿಯವರಿಗೆ ಸಕಲ ಸಂತರ ಹಬ್ಬ. ಅಂದು ಜನ ತಮ್ಮ ಹಿರಿಯರ ಸಮಾಧಿಗಳಿಗೆ ಹೂವಿನ ಕುಂಡಗಳನ್ನು ಒಯ್ಯುತ್ತಾರೆ. ಆ ಹೂ ಯಾವುದೆಂದು ಬಲ್ಲಿರಾ? ನಮ್ಮ ಸೇವಂತಿಗೆ! ಹಳದಿ, ಬಿಳಿ, ಕೆಂಗಂದು ಬಣ್ಣದ ಕುಂಡಗಳು ಅಂಗಡಿಗಳ ಮುಂದೆ ಸಾಲಾಗಿದ್ದವು. ನಮ್ಮಲ್ಲಿ ದೇವರ ಮುಡಿಗೂ ಹೆಂಗಳೆಯರ ಜಡೆಗೂ ಏರುವ ಹೂವನ್ನು ಅಲ್ಲಿ ಯಾರ ಮನೆಗಾದರೂ ಉಡುಗೊರೆಯಾಗಿ ಕೊಂಡೊಯ್ದರೆ ಅಪಶಕುನವೆಂದು ಭಾವಿಸುತ್ತಾರಂತೆ. ಮಗಳು ಮೊದಲೇ ಎಚ್ಚರಿಸಿದ್ದಳು. ಆದರೂ ನನ್ನ ಪತ್ನಿ ಒಂದು ಬಿಳಿಯ ಕುಂಡವನ್ನು ಕೊಂಡಳು. ಯಾರಿಗೆಂದು ಕೇಳಿದೆ. “ಮೇಲೆ ಹೋದಮೇಲೆ ಗೊತ್ತಾಗುತ್ತೆ, ಬನ್ನಿ” ಎಂದಳು.

ಸಮಾಧಿಗಳು ಬೆಟ್ಟದ ಇಳುಕಲಿನಲ್ಲಿ ಅಂತಸ್ತು ಅಂತಸ್ತಾಗಿವೆ. ಇಂಗ್ಲಿಷರು, ರಷ್ಯನರು, ಜರ್ಮನರು. ರಗ್ಬಿ ಆಟದ ಮೂಲಪುರುಷನೆಂದು ಐತಿಹ್ಯವಿರುವ ವಿಲಿಯಮ್ ವೆಬ್ ಎಲಿಸ್ ಇಲ್ಲಿದ್ದಾನೆ, ಮರಣ 1872. ಇಂಗ್ಲಿಷ್ ಜನತೆಯ ಇತಿಹಾಸವನ್ನು ಬರೆದ ಜೆ. ಆರ್. ಗ್ರೀನ್ ಕ್ಷಯದಿಂದ 1883ರಲ್ಲಿ ತೀರಿಕೊಂಡು ಈ ಊರಿನ ಮಣ್ಣಿನಲ್ಲಿಯೇ ಮಲಗಿದ್ದಾನೆ. ಹೆಸರಾಂತವರಿಗಿಂತ ನನ್ನನ್ನು ತಡೆದು ನಿಲ್ಲಿಸಿದವರು ಹೆಸರಿಲ್ಲದ ಕಿರಿಯರು. ಕಲ್ಲಿನ ಮೇಲಿನ ಎರಡು ಇಸವಿಗಳನ್ನು ಕಳೆದು ನೋಡಿದರೆ ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತಾರು. ಊರಿನವರ ಸಮಾಧಿಗಳ ಮೇಲೆ ಹೂವು ತುಂಬಿತ್ತು. ಈ ಪರದೇಶಿಗಳ ಕಲ್ಲುಗಳ ಮೇಲೆ ಹಾವಸೆ ಮಾತ್ರ. ಅಕ್ಷರ ಮಾಸಿಹೋದ ಒಂದು ಕಲ್ಲಿನ ಬುಡದಲ್ಲಿ ನನ್ನ ಪತ್ನಿ ಸೇವಂತಿಗೆಯ ಕುಂಡವನ್ನಿಟ್ಟಳು. “ನಿಮ್ಮ ಅತ್ತೆಗೆ” ಎಂದಳು.

ಆ ಅತ್ತೆಯನ್ನು ನಾನು ಕಂಡವನಲ್ಲ. ನಮ್ಮ ತಂದೆಯವರ ಒಬ್ಬಳೇ ತಂಗಿ. ಹಾಸನ ಸೀಮೆಯ ನಮ್ಮ ಹಳ್ಳಿಯಲ್ಲಿ 1944ರಲ್ಲಿ ಕ್ಷಯದಿಂದ ತೀರಿಕೊಂಡಾಗ ಇಪ್ಪತ್ತೊಂದು ವರ್ಷ. ತಾಲ್ಲೂಕಿನ ಡಾಕ್ಟರರು “ಹವೆ ಬದಲಾಯಿಸಿ, ಹಾಲು ಮೊಟ್ಟೆ ಕೊಡಿ, ಆದರೆ ಮದನಪಲ್ಲಿಗೆ ಕಳುಹಿಸಿ” ಎಂದಿದ್ದರಂತೆ. ಅದಕ್ಕೆ ಹಣ ಬೇಕಿತ್ತು, ಹಣಕ್ಕೆ ತೆಂಗಿನ ತೋಟವನ್ನು ಮಾರಬೇಕಿತ್ತು, ಅಜ್ಜ ಮಾರಲಿಲ್ಲ. ತಂದೆಯವರು ಅಜ್ಜನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ತೋಟದ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಒಳ್ಳೆಯ ಹವೆ ಸಿಕ್ಕಿದ್ದರೆ ತಂಗಿ ಬದುಕುತ್ತಿದ್ದಳೆಂಬುದು ಅವರ ಅಚಲವಾದ ನಂಬಿಕೆಯಾಗಿತ್ತು.

ಜಗತ್ತಿನ ಅತ್ಯುತ್ತಮ ಹವೆಯೆಂದು ಹೆಸರಾದ ಊರಿನಲ್ಲಿ, ತೋಟಗಳನ್ನಲ್ಲ, ಜಮೀನುದಾರಿಗಳನ್ನೇ ಮಾರಬಲ್ಲವರಾಗಿದ್ದ ಮನೆತನಗಳ ಮಕ್ಕಳು ಸಾಲಾಗಿ ಮಲಗಿದ್ದುದನ್ನು ತಂದೆಯವರು ನೋಡಿದ್ದರೆ ಏನೆನ್ನುತ್ತಿದ್ದರೋ! ಔಷಧವಿಲ್ಲದ ಕಾಲದಲ್ಲಿ, ಕಫದಲ್ಲಿ ಕ್ರಿಮಿ ಕಾಣಿಸುವಷ್ಟು ಬೆಳೆದ ಕ್ಷಯದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ಸಾಯುತ್ತಿದ್ದರು; ಕೆಲವರು ಎಲ್ಲಿದ್ದರೂ ತಾವಾಗಿ ಚೇತರಿಸಿಕೊಳ್ಳುತ್ತಿದ್ದರು. ಬೆನೆಟ್ ಆ ಎರಡನೆಯ ಗುಂಪಿನವನಿದ್ದಿರಬೇಕು. ಬದುಕಿದವನು ಪುಸ್ತಕ ಬರೆದ, ಸತ್ತವರು ಬರೆಯಲಿಲ್ಲ. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟ ಮೇಲೆ, ಇದು ಅಂಟುರೋಗವೆಂದು ಖಚಿತವಾಗಿ, ಕೆಮ್ಮುವ ಅತಿಥಿಯನ್ನು ಕಂಡರೆ ಹೋಟೆಲುಗಳವರೇ ಹಿಂಜರಿಯತೊಡಗಿದರು.

ನಿಜವಾದ ಪರಿಹಾರ ಬೇರೆ ದಿಕ್ಕಿನಿಂದ ಬಂದಿತು. ನಮ್ಮ ತೋಳಿನ ಮೇಲೆ ಕಲೆಯಾಗಿ ಉಳಿದಿರುವ ಬಿ.ಸಿ.ಜಿ. ಲಸಿಕೆಯ ನಡುವಣ ‘ಸಿ’ ಅಕ್ಷರ ಆಲ್ಬೆರ್ ಕಾಲ್ಮೆತ್ ಎಂಬ ವಿಜ್ಞಾನಿಯದು. ಅವನು ಹುಟ್ಟಿದ್ದು 1863ರಲ್ಲಿ, ಇದೇ ನೀಸ್‌ನಲ್ಲಿ! ಲಸಿಕೆಯನ್ನು ಮೊದಲು ಮನುಷ್ಯರಿಗೆ ಕೊಟ್ಟದ್ದು 1921ರಲ್ಲಿ. ಅದು ಎಳೆಯ ಮಕ್ಕಳನ್ನು ಕ್ಷಯದ ಘೋರರೂಪಗಳಿಂದ ಕಾಪಾಡುತ್ತದೆ. ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯುವುದೆಂಬ ಭರವಸೆಯಿಲ್ಲ. ಔಷಧವಾದ ಸ್ಟ್ರೆಪ್ಟೊಮೈಸಿನ್ ಅಮೆರಿಕದ ಪ್ರಯೋಗಶಾಲೆಯಲ್ಲಿ ದೊರೆತದ್ದು 1943ರಲ್ಲಿ, ಅತ್ತೆ ಸಾಯುವುದಕ್ಕೆ ಒಂದು ವರ್ಷ ಮೊದಲು. ಹಾಸನಕ್ಕೆ ಅದು ಬರುವಷ್ಟು ಕಾಲ ಅವಳಿಗಿರಲಿಲ್ಲ.

ಹವೆಯ ವಿವಾದವನ್ನು ತೀರ್ಮಾನಿಸಿದ್ದು ಫ್ರಾನ್ಸಲ್ಲ, ನಮ್ಮ ಮದರಾಸು. ಅಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರದವರು ನಗರದ ಬಡ ರೋಗಿಗಳನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಸ್ಯಾನಟೋರಿಯಮ್ಮಿನ ಹಾಸಿಗೆ, ವಿಶ್ರಾಂತಿ, ಪುಷ್ಟಿಕರವಾದ ಆಹಾರ. ಇನ್ನೊಂದಕ್ಕೆ ಕಿಕ್ಕಿರಿದ ತಮ್ಮ ಮನೆ, ತಮ್ಮ ದಿನನಿತ್ಯದ ಗಂಜಿ. ಗುಳಿಗೆಗಳು ಮಾತ್ರ ಇಬ್ಬರಿಗೂ ಒಂದೇ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದು ವರ್ಷದ ಬಳಿಕ ಎರಡು ಪಂಗಡಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಗುಣ ಹೊಂದಿದ್ದವು. ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ಹೆಚ್ಚಾಗಿ ರೋಗ ತಗುಲಲೂ ಇಲ್ಲ. ಗುಣಪಡಿಸಿದ್ದು ಗುಳಿಗೆ, ಬೆಟ್ಟವೂ ಅಲ್ಲ, ಕಡಲೂ ಅಲ್ಲ. ಪ್ರಪಂಚದಾದ್ಯಂತ ಸ್ಯಾನಟೋರಿಯಮ್ಮುಗಳು ಮುಚ್ಚಿಹೋದುದಕ್ಕೆ ಈ ಶೋಧನೆ ಒಂದು ಮುಖ್ಯ ಕಾರಣ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದದ್ದೂ 1959ರಲ್ಲಿಯೇ.

ಮಹಾನಗರಗಳ ಇಕ್ಕಟ್ಟಾದ ಮನೆಗಳಲ್ಲಿ ಬಾಳುವ ನಮಗೆ ಈ ಸಂಗತಿ ದೂರದ್ದಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಂದಿಗೂ ಭಾರತದಲ್ಲಿದ್ದಾರೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಕಫವನ್ನು ಪರೀಕ್ಷಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಗುಳಿಗೆಯನ್ನು ಬಿಟ್ಟವರಲ್ಲಿ ರೋಗ ಮದ್ದಿಗೆ ಬಗ್ಗದ ರೂಪ ತಾಳಿ ಮರಳಬಹುದು. ಊರಿಗೆ ಹೋಗಿ ಒಳ್ಳೆಯ ಗಾಳಿ ಕುಡಿದು ಬರುತ್ತೇನೆ ಎನ್ನುವವರು ಧಾರಾಳವಾಗಿ ಹೋಗಲಿ, ಗುಳಿಗೆಯ ಪೊಟ್ಟಣವನ್ನು ಜೊತೆಗೊಯ್ಯಲಿ.

ಮಧ್ಯಾಹ್ನ ಇಳಿದು ಬಂದು ಕಡಲದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಮಾಂತೋನ್ ನಿಂಬೆಹಣ್ಣಿಗೆ ಹೆಸರಾದ ಊರು. ಅದರ ಹುಳಿಯಲ್ಲಿ ಒಂದು ನಯವಿದೆ. ಸಂಜೆ ನೀಸ್‌ಗೆ ಮರಳಿ ಹಳೆಯ ಪೇಟೆಯಲ್ಲಿ ‘ಸೊಕ್ಕಾ’ ತಿಂದೆವು: ಕಡಲೆಹಿಟ್ಟನ್ನು ನೀರು, ಆಲಿವ್ ಎಣ್ಣೆಗಳಲ್ಲಿ ಕದಡಿ, ಅಗಲವಾದ ತಟ್ಟೆಯಲ್ಲಿ ಹುಯ್ದು, ಕಾದ ಒಲೆಯೊಳಗೆ ಬೇಯಿಸಿ, ಮೇಲೆ ಮೆಣಸಿನ ಪುಡಿ ಉದುರಿಸುತ್ತಾರೆ. ಶುದ್ಧ ಸಸ್ಯಾಹಾರ, ಅಗ್ಗ. ಇದಕ್ಕೆ ಹಸಿಮೆಣಸಿನಕಾಯಿ, ಕೊತ್ತಂಬರಿ ಬಿದ್ದಿದ್ದರೆ ಎಂದು ನನ್ನ ಪತ್ನಿ ಎರಡು ಸಲ ಹೇಳಿದಳು.

ಆಮೇಲೆ ಕಡಲ ಬದಿಯ ದೊಡ್ಡ ರಸ್ತೆಯ ನೀಲಿ ಕುರ್ಚಿಗಳಲ್ಲಿ ಕುಳಿತೆವು. ‘ಇಂಗ್ಲಿಷರ ವಿಹಾರಮಾರ್ಗ’ವೆಂದು ಅದರ ಹೆಸರು. ಇದೇ ರಸ್ತೆಯಲ್ಲಿ 2016ರ ಜುಲೈ 14ರ ರಾತ್ರಿ ಲಾರಿ ಹರಿಸಿ 86 ಜನರನ್ನು ಕೊಂದರು. ಅಂದು ಮಕ್ಕಳು ಚಕ್ರದ ಪಾದುಕೆ ಕಟ್ಟಿಕೊಂಡು ಓಡಾಡುತ್ತಿದ್ದರು. ಕತ್ತಲಾಗುವವರೆಗೆ ಕುಳಿತಿದ್ದು ಕೋಣೆಗೆ ಬಂದೆವು. ನಿಂಬೆಯ ಜಾಮಿನ ಶೀಶೆಗಳನ್ನು ಕೈಚೀಲದಲ್ಲಿ ಒಯ್ಯಗೊಡುವುದಿಲ್ಲವೆಂದು ನೆನಪಾಗಿ, ಕಟ್ಟಿದ್ದ ದೊಡ್ಡ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ, ನನ್ನ ಎರಡು ಉಣ್ಣೆಯ ಅಂಗಿಗಳಲ್ಲಿ ಸುತ್ತಿ ಒಳಗಿಟ್ಟೆವು.