ಸ್ಪೆಕ್ಯುಲೇಟರ್: ಕಾವಲುಗೋಪುರದಿಂದ ಪೇಟೆಗೆ

ಬೆಲೆಯ ಏರಿಳಿತವನ್ನೇ ನೆಚ್ಚಿ, ನಷ್ಟದ ಭಯವನ್ನು ಹೆಗಲಮೇಲೆ ಹೊತ್ತು, ಕೊಂಡು ಮಾರುವವನನ್ನು ಇಂಗ್ಲಿಷಿನಲ್ಲಿ 'ಸ್ಪೆಕ್ಯುಲೇಟರ್' ಎನ್ನುತ್ತಾರೆ. ಮುಂಬಯಿಯ ಆಡುಮಾತಿನಲ್ಲಿ ಅವನು ಸಟ್ಟೇಬಾಜ. ಆದರೆ ಆ ಇಂಗ್ಲಿಷ್ ಶಬ್ದ ಹುಟ್ಟಿದ್ದು ಪೇಟೆಯಲ್ಲಲ್ಲ, ಕಾವಲುಗೋಪುರದಲ್ಲಿ.

ಲ್ಯಾಟಿನ್ ಭಾಷೆಯಲ್ಲಿ 'ಸ್ಪೆಕುಲಾ' ಎಂದರೆ ಕಾವಲುಗೋಪುರ. ರೋಮನ್ ಸೈನ್ಯದಲ್ಲಿ ಶತ್ರುವಿನ ಚಲನವಲನವನ್ನು ಅರಿತು ಬರುವ ಬೇಹಿನವನಿಗೆ 'ಸ್ಪೆಕುಲಾಟೋರ್' ಎಂಬ ಹೆಸರಿತ್ತು. ಇವುಗಳ ಮೂಲ 'ನೋಡು' ಎಂಬರ್ಥದ ಧಾತು. ಸಂಸ್ಕೃತದ 'ಪಶ್ಯತಿ'ಯೂ, ಅಮರಕೋಶದಲ್ಲಿ ಗೂಢಚಾರನಿಗೆ ಪರ್ಯಾಯವಾಗಿ ಬರುವ 'ಸ್ಪಶ' ಶಬ್ದವೂ ಅದೇ ವಂಶದವು. ಇಂಗ್ಲಿಷಿಗೆ ಬಂದಾಗ ಈ ಶಬ್ದ ಮೊದಲು ಚಿಂತಕನನ್ನು ಸೂಚಿಸಿತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹಣದ ವ್ಯವಹಾರಕ್ಕೆ ಇಳಿಯಿತು. 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆಡಂ ಸ್ಮಿತ್, ಈ ವರ್ಷ ಧಾನ್ಯ, ಮರುವರ್ಷ ದ್ರಾಕ್ಷಾರಸ, ಅದರಾಚೆ ಸಕ್ಕರೆಯೋ ಚಹವೋ ಎಂದು ಲಾಭ ಕಂಡತ್ತ ಸರಿಯುವ ವರ್ತಕನನ್ನು ಈ ಬಗೆಯವನೆಂದೇ ವರ್ಣಿಸಿದ್ದಾನೆ.

ದೂರ ನೋಡಬೇಕಾದವನು ಕುರುಡನಾದರೆ ಏನಾಗುವುದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಯಿತು. ಧಾರವಾಡ ಸೀಮೆಯ ಹತ್ತಿಗೂ ಚಿನ್ನದ ಬೆಲೆ ಬಂದಿತು. ಮುಂಬಯಿಗೆ ಹರಿದ ಹಣ ಬ್ಯಾಂಕುಗಳ ಹಾಗೂ ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳ ಷೇರುಗಳ ಬೆನ್ನು ಹತ್ತಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು, ಷೇರುಗಳು ಕುಸಿದವು. ಆ ಪೇಟೆಯ ದೊರೆಯೆನಿಸಿದ್ದ ಪ್ರೇಮಚಂದ ರಾಯಚಂದರೂ ಪಾರಾಗಲಿಲ್ಲ. ಅವರ ದಾನದಿಂದ ಎದ್ದ, ಅವರ ತಾಯಿಯ ಹೆಸರಿನ ರಾಜಾಬಾಯಿ ಗೋಪುರ ಇಂದಿಗೂ ನಿಂತಿದೆ.

ಬೇರೆಯವರು ಹೊರಲಾರದ ಅಪಾಯವನ್ನು ತಾನು ಹೊತ್ತು, ಕೊಳ್ಳುವವರಿಗೂ ಮಾರುವವರಿಗೂ ಅನುವು ಮಾಡಿಕೊಡುವುದರಿಂದ ಸ್ಪೆಕ್ಯುಲೇಟರನಿಂದ ಪೇಟೆಗೆ ಉಪಯೋಗವುಂಟು. ಆದರೆ ಸಂಬಳದ ಉಳಿತಾಯವನ್ನು ಪಣಕ್ಕಿಡುವ ಗೃಹಸ್ಥನ ಪಾಡು ಬೇರೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರೆಂದು ಸೆಬಿಯ 2024ರ ಅಧ್ಯಯನ ತಿಳಿಸುತ್ತದೆ.

ಹತೋಟಿ ಮೀರಿದ ಜೂಜನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಪೇಟೆಗಿಳಿದವರೆಲ್ಲ ರೋಗಿಗಳಲ್ಲ. ಆದರೆ ಹೋದ ಹಣವನ್ನು ಹಿಂಪಡೆಯಲು ಮತ್ತೆ ಮತ್ತೆ ಹಣ ಹೂಡುವುದು, ಮನೆಯವರಿಂದ ನಷ್ಟವನ್ನು ಮುಚ್ಚಿಡುವುದು, ಸಾಲ ತರುವುದು, ನಿದ್ದೆಗೆಡುವುದು ಇವು ಎಚ್ಚರಿಕೆಯ ಗಂಟೆಗಳು. ಅವು ಕೇಳಿಸಿದೊಡನೆ ವ್ಯವಹಾರವನ್ನು ನಿಲ್ಲಿಸಿ, ಮನೆಯವರಿಗೆ ನಿಜ ಹೇಳಿ, ಮನೋವೈದ್ಯರನ್ನು ಕಾಣುವುದು ಲೇಸು. ಶಬ್ದದ ಮೂಲಾರ್ಥವೂ ಅದನ್ನೇ ಬೋಧಿಸುತ್ತದೆ: ಮೊದಲು ನೋಡು, ಆಮೇಲೆ ಇಳಿ.