ಒಂದೇ ರೋಬೋ, ಎರಡು ವಾರ್ಡು

ಆಸ್ಪತ್ರೆ ಅಂದ ಕೂಡಲೇ ನಮಗೆ ನೆನಪಾಗೋದು ಡಾಕ್ಟರು, ನರ್ಸು, ಆಪರೇಷನ್ನು. ಆದರೆ ಅಲ್ಲಿ ಹಗಲು-ರಾತ್ರಿ ನಡೆಯೋ ಇನ್ನೊಂದು ಕೆಲಸ ಇದೆ, ಸಾಗಾಟ. ಫಾರ್ಮಸಿಯಿಂದ ವಾರ್ಡಿಗೆ ಔಷಧಿ, ವಾರ್ಡಿನಿಂದ ಲ್ಯಾಬಿಗೆ ರಕ್ತದ ಸ್ಯಾಂಪಲ್, ಅಡುಗೆಮನೆಯಿಂದ ಊಟ. ಇದಕ್ಕಾಗಿ ನರ್ಸ್ ಓಡಾಡಿದ ಪ್ರತಿ ನಿಮಿಷವೂ ರೋಗಿಗೆ ಸಿಗದೇ ಹೋದ ನಿಮಿಷ.

ಈ ಓಡಾಟವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟವರು ಅಮೆರಿಕದ ಜೋಸೆಫ್ ಎಂಗೆಲ್‌ಬರ್ಗರ್. 1961ರಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಗೆ 'ಯುನಿಮೇಟ್' ರೋಬೋ ತಂದವರಲ್ಲಿ ಇವರೂ ಒಬ್ಬರು. 1980ರ ದಶಕದ ಕೊನೆಯ ಹೊತ್ತಿಗೆ ಅವರ 'ಹೆಲ್ಪ್‌ಮೇಟ್' ಡ್ಯಾನ್‌ಬರಿ ಆಸ್ಪತ್ರೆಯಲ್ಲಿ ಓಡಾಡತೊಡಗಿತು. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬೇ ಆಸ್ಪತ್ರೆ ಬಾಗಿಲು ತೆರೆದಾಗ 25 'ಟಗ್' ರೋಬೋಗಳು ಕೆಲಸಕ್ಕೆ ಸಿದ್ಧವಾಗಿದ್ದವು.

ಇಂಜಿನಿಯರಿಂಗ್ ಓದಿದ ನನಗೆ ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದೇ ಮೊದಲ ಕುತೂಹಲ. ಕಟ್ಟಡದ ನಕ್ಷೆ ಅದರ ಮೆಮೊರಿಯಲ್ಲಿರುತ್ತೆ. ಎದುರಿಗೆ ಯಾರಾದರೂ ಬಂದರೆ ಲೇಸರ್, ಸೋನಾರ್ ಸೆನ್ಸರ್‌ಗಳು ಗುರುತಿಸುತ್ತವೆ. ರೋಬೋ ನಿಲ್ಲುತ್ತೆ, ಇಲ್ಲವೇ ಬಳಸಿಕೊಂಡು ಹೋಗುತ್ತೆ. ಲಿಫ್ಟ್ ಗುಂಡಿ ಒತ್ತೋಕೆ ಕೈ ಇಲ್ಲ, ವೈಫೈ ಮೂಲಕವೇ ಲಿಫ್ಟ್ ಕರೆಯುತ್ತೆ. ಔಷಧಿಯ ಡ್ರಾಯರ್‌ಗೆ ಬೀಗ ಇರುತ್ತೆ. ಪಿನ್ ನಂಬರ್, ಬೆರಳಚ್ಚು ಕೊಟ್ಟರಷ್ಟೇ ತೆರೆಯುತ್ತೆ.

ಇಷ್ಟೆಲ್ಲಾ ಸರಿಯಾದರೆ ಕೆಲಸ ಮುಗೀತಾ? ಇಲ್ಲ ವೀಕ್ಷಕರೇ, ಅಸಲಿ ಕಥೆ ಇರೋದೇ ಇಲ್ಲಿ.

ಬಿಲ್ಗೆ ಮುಟ್ಲು ಮತ್ತು ಜೋಡಿ ಫೋರ್ಲಿಜ್ಜಿ ಎಂಬ ಸಂಶೋಧಕರು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಇಂಥ ರೋಬೋವನ್ನು ತಿಂಗಳುಗಟ್ಟಲೆ ಗಮನಿಸಿ, 2008ರಲ್ಲಿ ವರದಿ ಪ್ರಕಟಿಸಿದರು. ಬಾಣಂತಿಯರ ವಾರ್ಡಿನಲ್ಲಿ ರೋಬೋ ಅಂದ್ರೆ ಎಲ್ಲರಿಗೂ ಮುದ್ದು. ಅದೇ ರೋಬೋ ಕ್ಯಾನ್ಸರ್ ವಾರ್ಡಿಗೆ ಬಂದರೆ ಬೈಗುಳ, ಒದೆತ! ಯಂತ್ರ ಬದಲಾಗಿರಲಿಲ್ಲ, ವಾರ್ಡು ಬೇರೆಯಿತ್ತು. ಒಂದು ಕಡೆ ಹೊಸ ಮಗುವಿನ ಸಂಭ್ರಮ. ಇನ್ನೊಂದು ಕಡೆ ನೋವು, ಆತಂಕ, ಕೆಲಸದ ಒತ್ತಡ, ಕಾರಿಡಾರ್ ತುಂಬಾ ಸಾಮಾನು. ಅಂಥ ಹೊತ್ತಲ್ಲಿ ಒಂದು ಯಂತ್ರ ದಾರಿಗೆ ಅಡ್ಡ ನಿಂತು "ಬಂದಿದ್ದೇನೆ" ಅಂತ ಕೂಗಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ ಹೇಳಿ?

ಅಂದ್ರೆ, ಇಂಥ ರೋಬೋ ವಿನ್ಯಾಸ ಮಾಡೋರು ಅಳೆಯಬೇಕಾದ್ದು ಕಾರಿಡಾರಿನ ಅಗಲವನ್ನಷ್ಟೇ ಅಲ್ಲ. ಯಾವ ವಾರ್ಡಿನಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನೆ ದೀಪ ಮಿನುಗಿಸಿದರೆ ಸಾಕು, ಸ್ಟ್ರೆಚರ್ ಬಂದಾಗ ಎಷ್ಟು ದೂರದಲ್ಲೇ ಪಕ್ಕಕ್ಕೆ ಸರಿಯಬೇಕು? ಇದನ್ನು ಲ್ಯಾಬಿನಲ್ಲಿ ಕೂತು ಬರೆಯೋಕಾಗಲ್ಲ. ನರ್ಸ್ ಜೊತೆ ಒಂದು ರಾತ್ರಿ ಪಾಳಿ ನಿಂತು ನೋಡಬೇಕು.

ನಾಳೆ ನಿಮ್ಮೂರಿನ ಆಸ್ಪತ್ರೆಗೆ ರೋಬೋ ಬಂದಾಗ ಕ್ಯಾಮೆರಾ ಹಿಡಿದು ನಾವೂ ಓಡಿ ಬರ್ತೀವಿ, ಅದು ನಮ್ಮ ಕೆಲಸ. ಆದರೆ ಅದರ ಬೆಲೆ ಎಷ್ಟು ಅಂತ ಕೇಳೋ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ: ಇದು ಉಳಿಸಿದ ಸಮಯ ರೋಗಿಗೆ ಸಿಕ್ತಾ, ಇಲ್ಲಾ ಅದೇ ನೆಪದಲ್ಲಿ ಒಬ್ಬ ನರ್ಸ್ ಕಮ್ಮಿ ಆದ್ರಾ?