ಪ್ರಯೋಗಾಲಯದ ಬಾಗಿಲು ದಾಟಿದ ಮೇಲೆ

ಜೀವವಿಜ್ಞಾನದಲ್ಲಿ ಪ್ರಯೋಗ ಮುಗಿದಾಗ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಒಂದು ಜೀವಕೋಶದಲ್ಲಿ, ಒಂದು ಗಿಡದಲ್ಲಿ, ಒಂದು ರೋಗಾಣುವಿನಲ್ಲಿ ಕಂಡದ್ದು ನಿಜವೇ ಎಂದು ಕಂಡವರೊಬ್ಬರೇ ತೀರ್ಮಾನಿಸುವಂತಿಲ್ಲ. ಜೀವಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ತಳಿ ಬದಲಾದರೆ, ಆಹಾರ ಬದಲಾದರೆ, ಬಳಸಿದ ರಾಸಾಯನಿಕ ಬದಲಾದರೆ ಫಲಿತಾಂಶವೂ ಬದಲಾಗುವುದುಂಟು. ಹಾಗಾಗಿ ಕಂಡದ್ದನ್ನು ಅದೇ ಕ್ಷೇತ್ರದ ಇತರರ ಮುಂದಿಡಬೇಕು. ಅವರು ಅದನ್ನು ಪ್ರಶ್ನಿಸಬೇಕು, ತಮ್ಮಲ್ಲೂ ಮಾಡಿ ನೋಡಬೇಕು. ಆಮೇಲೆಯೇ ಅದು ಎಲ್ಲರ ತಿಳಿವಳಿಕೆಯಾಗುವುದು. ಹೀಗೆ ಮುಂದಿಡುವುದಕ್ಕೆ ಇರುವ ಮುಖ್ಯ ವೇದಿಕೆಗಳು ಎರಡು: ಸಂಶೋಧನಾ ಪತ್ರಿಕೆ ಮತ್ತು ಸಮ್ಮೇಳನ. ಪ್ರಶಸ್ತಿ ಬರುವುದು, ಬಂದರೆ, ಇವೆರಡರ ನಂತರ, ಬಹಳ ಸಲ ತೀರಾ ತಡವಾಗಿ.

ಸಂಶೋಧನಾ ಪತ್ರಿಕೆಯ ಪದ್ಧತಿ ಹದಿನೇಳನೆಯ ಶತಮಾನದ್ದು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರ ಮಾರ್ಚ್‌ನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದ. ಅಲ್ಲಿಯವರೆಗೆ ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಕಾಗದಗಳಲ್ಲಿದ್ದ ಸುದ್ದಿ ಅಚ್ಚಿಗೆ ಬಂತು. ಯಾರು ಮೊದಲು ಕಂಡರು ಎಂಬ ಜಗಳಕ್ಕೂ ತಾರೀಖಿನ ಸಾಕ್ಷಿ ಸಿಕ್ಕಿತು. ಭಾರತದಲ್ಲಿ ಈ ಕೆಲಸಕ್ಕೆ ಗಟ್ಟಿ ನೆಲೆ ಒದಗಿಸಿದ ಊರುಗಳಲ್ಲಿ ಬೆಂಗಳೂರು ಮುಖ್ಯವಾದದ್ದು. ‘ಕರೆಂಟ್ ಸೈನ್ಸ್’ 1932ರಲ್ಲಿ ಇಲ್ಲಿಂದಲೇ ಹೊರಟಿತು. ಸಿ.ವಿ. ರಾಮನ್ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಇಲ್ಲಿ ಸ್ಥಾಪಿಸಿ, ಅದೇ ವರ್ಷ ಅದರ ‘ಪ್ರೊಸೀಡಿಂಗ್ಸ್’ ಶುರುಮಾಡಿದರು. ಜೀವವಿಜ್ಞಾನಕ್ಕೇ ಮೀಸಲಾದ ‘ಜರ್ನಲ್ ಆಫ್ ಬಯೋಸೈನ್ಸಸ್’ ಅನ್ನು ಅಕಾಡೆಮಿ 1979ರಿಂದ ಪ್ರಕಟಿಸುತ್ತಿದೆ.

ಪತ್ರಿಕೆಗೆ ಬಂದ ಪ್ರಬಂಧವನ್ನು ಮೊದಲು ಸಂಪಾದಕರು ಓದುತ್ತಾರೆ. ಹೆಸರಾಂತ ಪತ್ರಿಕೆಗಳಲ್ಲಿ ಬಹುಪಾಲು ಪ್ರಬಂಧಗಳು ಅವರ ಮೇಜಿನಿಂದಲೇ ಹಿಂದಿರುಗುತ್ತವೆ. ಉಳಿದವು ಅದೇ ವಿಷಯದಲ್ಲಿ ಕೆಲಸ ಮಾಡುವ ಇಬ್ಬರಿಗೋ ಮೂವರಿಗೋ ಹೋಗುತ್ತವೆ. ರೆಫರಿಗಳು ಎಂದು ಕರೆಯುವ ಇವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ, ಅವರ ಹೆಸರೂ ಲೇಖಕರಿಗೆ ತಿಳಿಯುವುದಿಲ್ಲ. ಔಷಧ ಕೊಟ್ಟ ಇಲಿಗಳ ಜೊತೆ ಔಷಧ ಕೊಡದ ಇಲಿಗಳನ್ನೂ ಇಟ್ಟು ಹೋಲಿಸಿದ್ದಾರೆಯೇ, ಇಲಿಗಳ ಸಂಖ್ಯೆ ಸಾಕೇ, ಚಿತ್ರದಲ್ಲಿ ಕಾಣುವುದಕ್ಕೂ ಬರಹದಲ್ಲಿ ಹೇಳಿದ್ದಕ್ಕೂ ತಾಳೆಯಿದೆಯೇ, ಬೇರೆ ವಿವರಣೆ ಸಾಧ್ಯವಿಲ್ಲವೇ ಎಂದು ಒಂದೊಂದನ್ನೂ ಕೆದಕುವುದು ಅವರ ಕೆಲಸ. ಉತ್ತರ ಕೊಡಲು ಲೇಖಕರು ಮತ್ತೆ ಪ್ರಯೋಗಕ್ಕೆ ಇಳಿಯಬೇಕಾಗಬಹುದು. ಹೀಗೆ ಒಂದು ಪ್ರಬಂಧಕ್ಕೆ ಆರು ತಿಂಗಳು, ವರ್ಷ ಹಿಡಿಯುವುದು ಅಪರೂಪವಲ್ಲ. ಈ ಏರ್ಪಾಡು ಎಲ್ಲ ಕಡೆ ಖಾಯಂ ಆಗಿ ಬಹಳ ಕಾಲವೇನೂ ಆಗಿಲ್ಲ. ‘ನೇಚರ್’ ಪತ್ರಿಕೆ ಇದನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. ಡಿಎನ್‌ಎ ರಚನೆಯನ್ನು ಸಾರಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಯಾವ ರೆಫರಿಯ ಕೈಗೂ ಹೋಗದೆ ಅಚ್ಚಾಗಿತ್ತು.

ಪರಿಶೀಲನೆ ಅಚ್ಚಾಗುವುದರೊಂದಿಗೆ ಮುಗಿಯುವುದಿಲ್ಲ. ನಿಜವಾದ ಪರಿಶೀಲನೆ ಶುರುವಾಗುವುದೇ ಅಚ್ಚಾದ ಮೇಲೆ ಎಂದರೂ ಸರಿ. ಇದಕ್ಕೆ ಜಿ.ಎನ್. ರಾಮಚಂದ್ರನ್ ಅವರ ಕೊಲಾಜನ್ ಕಥೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ರಾಮಚಂದ್ರನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತವಿಜ್ಞಾನಕ್ಕೆ ಹೊರಳಿದವರು. 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್ ಅಲ್ಲಿಗೆ ಭೇಟಿ ಕೊಟ್ಟಾಗ, ಕೊಲಾಜನ್‌ನ ರಚನೆ ಇನ್ನೂ ಬಗೆಹರಿದಿಲ್ಲ ಎಂದು ಮಾತಿನ ನಡುವೆ ಹೇಳಿದರು. ಕೊಲಾಜನ್ ಎಂದರೆ ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಿಗಿ ಕೊಡುವ ಪ್ರೋಟೀನು. ಸಸ್ತನಿಗಳ ದೇಹದಲ್ಲಿ ಇಷ್ಟು ಹೇರಳವಾಗಿರುವ ಪ್ರೋಟೀನು ಮತ್ತೊಂದಿಲ್ಲ.

ಮಾದರಿಗೆ ದೂರ ಹೋಗಬೇಕಾಗಲಿಲ್ಲ. ಅಲ್ಲೇ ಹತ್ತಿರದಲ್ಲಿದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ಸಿಕ್ಕಿತು. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ್ ಕರ್ತಾ ಅದರ ಮೇಲೆ ಎಕ್ಸ್-ಕಿರಣ ಹಾಯಿಸಿ ಚಿತ್ರ ತೆಗೆದರು. ಕೊಲಾಜನ್‌ನಲ್ಲಿರುವ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗ್ಲೈಸೀನ್ ಎಂಬುದು ಆಗಲೇ ಗೊತ್ತಿತ್ತು. ಗ್ಲೈಸೀನ್ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಪ್ರತಿ ಮೂರನೆಯ ಸ್ಥಾನದಲ್ಲೂ ಅದೇ ಇದ್ದರೆ ಮೂರು ಸರಪಳಿಗಳು ಒಳಮಗ್ಗುಲಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲಲು ಜಾಗ ಸಿಗುತ್ತದೆ ಎಂದು ಅವರು ತರ್ಕಿಸಿದರು. ಮೂರೆಳೆಯ ಈ ವಿನ್ಯಾಸ 1954ರಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. ಮರುವರ್ಷ ಅವರೇ ಅದನ್ನು ತಿದ್ದಿ, ಮೂರು ಎಳೆಗಳೂ ಹುರಿಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡಿವೆ ಎಂದು ತೋರಿಸಿದರು.

ಆಕ್ಷೇಪ ಬರಲು ತಡವಾಗಲಿಲ್ಲ. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ 1955ರಲ್ಲೇ ‘ನೇಚರ್’ನಲ್ಲಿ ಬರೆದು, ಮೂರೆಳೆಯ ಕಲ್ಪನೆಯನ್ನು ಒಪ್ಪಿದರೂ ಮದ್ರಾಸಿನ ವಿನ್ಯಾಸದಲ್ಲಿ ಕೆಲವು ಪರಮಾಣುಗಳು ಸಹಿಸಲಾಗದಷ್ಟು ಹತ್ತಿರ ಬಂದಿವೆ ಎಂದರು. ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧ ಎಂಬ ಲೆಕ್ಕವನ್ನು ಒಂದಕ್ಕೆ ಇಳಿಸಿದರು. ಆ ವಿವರದಲ್ಲಿ ಮುಂದಿನ ಕಾಲ ಅವರ ಪಕ್ಷಕ್ಕೇ ವಾಲಿತು. ಆದರೆ ರಾಮಚಂದ್ರನ್ ಆಕ್ಷೇಪವನ್ನು ವೈಯಕ್ತಿಕ ಸೋಲೆಂದು ಬಗೆಯದೆ ಪ್ರಶ್ನೆಯಾಗಿ ತೆಗೆದುಕೊಂಡರು. ಪ್ರೋಟೀನಿನಲ್ಲಿ ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು? ಅದಕ್ಕೆ ಆಗ ನೆಚ್ಚಬಹುದಾದ ಉತ್ತರವಿರಲಿಲ್ಲ. ಅವರೂ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೂ ಸೇರಿ ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ, ಯಾವ ಪರಮಾಣು ಯಾವುದರಿಂದ ಕನಿಷ್ಠ ಎಷ್ಟು ದೂರದಲ್ಲಿರುತ್ತದೆ ಎಂದು ಪಟ್ಟಿ ಮಾಡಿದರು. ಪ್ರೋಟೀನು ಸರಪಳಿಯ ಪ್ರತಿ ಕೊಂಡಿಯಲ್ಲೂ ತಿರುಗಬಲ್ಲ ಬಂಧಗಳು ಎರಡು. ಆ ಎರಡು ಕೋನಗಳನ್ನು ಹಂತಹಂತವಾಗಿ ಬದಲಿಸುತ್ತ, ಎಲ್ಲಿ ಪರಮಾಣುಗಳು ಡಿಕ್ಕಿಯಾಗುತ್ತವೆ, ಎಲ್ಲಿ ಆಗುವುದಿಲ್ಲ ಎಂದು ಲೆಕ್ಕ ಹಾಕಿ ನಕ್ಷೆ ಬರೆದರು. 1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಐದೇ ಪುಟಗಳಲ್ಲಿ ಬಂದ ಆ ನಕ್ಷೆಗೆ ಈಗ ಜಗತ್ತಿನಾದ್ಯಂತ ರಾಮಚಂದ್ರನ್ ನಕ್ಷೆ ಎಂದೇ ಹೆಸರು. ನಕ್ಷೆಯ ಬಹುಭಾಗ ಖಾಲಿ. ಪ್ರೋಟೀನು ಸರಪಳಿ ಬಾಗಬಹುದಾದ ಬಗೆಗಳು ಕೆಲವೇ ಪುಟ್ಟ ಪ್ರದೇಶಗಳಲ್ಲಿ ಗುಂಪುಗೂಡಿವೆ.

ಕೊಲಾಜನ್‌ಗಿಂತ ಈ ನಕ್ಷೆಯ ಬೆಲೆ ದೊಡ್ಡದು. ಅದು ಹುಟ್ಟಿದ್ದು ಎದುರಾಳಿಗಳ ಟೀಕೆಯಿಂದ, ಅದೂ ಆ ಟೀಕೆ ಎಲ್ಲರೂ ಓದುವ ಪತ್ರಿಕೆಯಲ್ಲಿ ಅಚ್ಚಾದದ್ದರಿಂದ. 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ 2023ರ ಹೊತ್ತಿಗೆ ಎರಡು ಲಕ್ಷಕ್ಕೂ ಮಿಕ್ಕಿದ ರಚನೆಗಳು ಸೇರಿದ್ದವು. ಹೊಸ ರಚನೆಯನ್ನು ಅಲ್ಲಿ ಸಲ್ಲಿಸಿದಾಗ ಸಿದ್ಧವಾಗುವ ತಪಾಸಣಾ ವರದಿಯಲ್ಲಿ, ಎಷ್ಟು ಕೊಂಡಿಗಳು ರಾಮಚಂದ್ರನ್ ನಕ್ಷೆಯ ಹೊರಗೆ ಬಿದ್ದಿವೆ ಎಂಬ ಲೆಕ್ಕವೂ ಇರುತ್ತದೆ. ಹೊರಗೆ ಬಿದ್ದವು ಹೆಚ್ಚಿದ್ದರೆ ರಚನೆಯಲ್ಲಿ ಎಲ್ಲೋ ತಪ್ಪಿರಬಹುದು ಎಂದು ರೆಫರಿಗಳು ಎಚ್ಚರಗೊಳ್ಳುತ್ತಾರೆ.

ಅಚ್ಚಿನಲ್ಲಿ ತಿಂಗಳುಗಟ್ಟಲೆ ನಡೆಯುವ ವಾದ ಸಮ್ಮೇಳನದಲ್ಲಿ ಒಂದು ಮಧ್ಯಾಹ್ನದಲ್ಲಿ ನಡೆದುಹೋಗುತ್ತದೆ. 1963ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಪ್ರೋಟೀನು ರಚನೆಯ ಬಗ್ಗೆ ಐದು ದಿನಗಳ ಅಂತರರಾಷ್ಟ್ರೀಯ ಸಂಕಿರಣ ಏರ್ಪಡಿಸಿತು. ಅಲ್ಲಿ ಮಂಡಿಸಿದ ಪ್ರಬಂಧಗಳು ರಾಮಚಂದ್ರನ್ ಅವರ ಸಂಪಾದಕತ್ವದಲ್ಲಿ ಪುಸ್ತಕವಾಗಿಯೂ ಬಂದವು. ವಿದೇಶ ಪ್ರಯಾಣಕ್ಕೆ ಹಣ ಹೊಂದಿಸುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ, ಜಗತ್ತಿನ ತಜ್ಞರನ್ನು ಇಲ್ಲಿಗೇ ಕರೆಸಿ ಇಲ್ಲಿನ ವಿದ್ಯಾರ್ಥಿಗಳೊಂದಿಗೆ ಕೂರಿಸಿದ್ದು ದೂರದೃಷ್ಟಿಯ ಕೆಲಸ.

ಸಮ್ಮೇಳನದಲ್ಲಿ ಹೆಸರಾದವರಿಗೆ ವೇದಿಕೆಯ ಉಪನ್ಯಾಸ ಸಿಗುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಹೆಚ್ಚಾಗಿ ಸಿಗುವುದು ಪೋಸ್ಟರ್. ಸುಮಾರು ಒಂದು ಮೀಟರ್ ಎತ್ತರದ ಹಾಳೆಯಲ್ಲಿ ಪ್ರಶ್ನೆ, ವಿಧಾನ, ಚಿತ್ರಗಳು, ತೀರ್ಮಾನ ಎಲ್ಲವನ್ನೂ ಅಚ್ಚು ಹಾಕಿಸಿ ಹಲಗೆಗೆ ಅಂಟಿಸಿ, ಪಕ್ಕದಲ್ಲಿ ನಿಂತಿರಬೇಕು. ಚಹಾ ಲೋಟ ಹಿಡಿದು ಬಂದವರಿಗೆ ಎರಡು ನಿಮಿಷದಲ್ಲಿ ಕೆಲಸದ ತಿರುಳು ಹೇಳಬೇಕು. ನಿಂತು ಕೇಳಿದವರಲ್ಲಿ ಒಬ್ಬರು ನೀವು ಬಳಸಿದ ಪ್ರತಿಕಾಯ (ಆ್ಯಂಟಿಬಾಡಿ) ನಮ್ಮಲ್ಲಿ ಕೆಲಸ ಮಾಡಲಿಲ್ಲ, ಬೇರೆಯದನ್ನು ಬಳಸಿ ನೋಡಿ ಎಂದರೆ, ವಿದ್ಯಾರ್ಥಿಯ ಆರು ತಿಂಗಳು ಉಳಿದಂತೆ. ಅಚ್ಚಾದ ಪ್ರಬಂಧಗಳಲ್ಲಿ ಕೈಕೊಟ್ಟ ಪ್ರಯೋಗಗಳ ಸುದ್ದಿ ಇರುವುದು ಕಡಿಮೆ. ಅದು ದಾಟುವುದು ಇಂಥ ಮಾತುಕತೆಯಲ್ಲೇ. ಗಾರ್ಡನ್ ಸಮ್ಮೇಳನಗಳೆಂಬ ವಿಜ್ಞಾನ ಸಭೆಗಳ ಸರಣಿಯಲ್ಲಿ ಕೇಳಿದ್ದನ್ನು ಬೇರೆಡೆ ಉಲ್ಲೇಖಿಸಬಾರದು, ತೆರೆಯ ಮೇಲಿನ ಚಿತ್ರಗಳ ಫೋಟೋ ತೆಗೆಯಬಾರದು ಎಂಬ ನಿಯಮವಿರುವುದೂ ಇದಕ್ಕೇ. ಇನ್ನೂ ಅರೆಬೆಂದ ಫಲಿತಾಂಶವನ್ನು ಅಂಜದೆ ಮುಂದಿಡಲು ಅದು ಧೈರ್ಯ ಕೊಡುತ್ತದೆ.

ಸಭೆಯ ಮುಂದೆ ಇಟ್ಟ ಮಾತ್ರಕ್ಕೆ ಸಭೆ ಕೇಳಿಸಿಕೊಳ್ಳುತ್ತದೆ ಎಂದೇನೂ ಇಲ್ಲ. ಜೋಳದ ಕಾಳುಗಳ ಬಣ್ಣ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ ಬಾರ್ಬರಾ ಮೆಕ್‌ಕ್ಲಿಂಟಾಕ್, ವರ್ಣತಂತುವಿನ ಕೆಲವು ಭಾಗಗಳು ಜಾಗ ಬದಲಿಸುತ್ತವೆ ಎಂದು 1951ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಕಿರಣದಲ್ಲಿ ಮಂಡಿಸಿದರು. ಹೆಚ್ಚಿನವರಿಗೆ ಅದು ಅರ್ಥವಾಗಲಿಲ್ಲ, ಕೆಲವರು ನಂಬಲೂ ಇಲ್ಲ. ಕೆಲವೇ ವರ್ಷಗಳಲ್ಲಿ ಅವರು ಆ ವಿಷಯವನ್ನು ಪತ್ರಿಕೆಗಳಲ್ಲಿ ವಿವರವಾಗಿ ಬರೆಯುವುದನ್ನೇ ನಿಲ್ಲಿಸಿದರು. ಮುಂದೆ ಬ್ಯಾಕ್ಟೀರಿಯಾಗಳಲ್ಲೂ ಅಂಥ ಜಿಗಿಯುವ ತುಣುಕುಗಳು ಕಂಡಾಗಲೇ ಜಗತ್ತು ಅವರತ್ತ ತಿರುಗಿದ್ದು.

ಅಂತರಜಾಲ ಬಂದ ಮೇಲೆ ಮೂರನೆಯ ದಾರಿಯೊಂದು ತೆರೆಯಿತು. ಪ್ರಬಂಧವನ್ನು ರೆಫರಿಗಳು ನೋಡುವ ಮೊದಲೇ ಎಲ್ಲರಿಗೂ ಸಿಗುವಂತೆ ಇಡುವುದಕ್ಕೆ ಪ್ರಿಪ್ರಿಂಟ್ ಎನ್ನುತ್ತಾರೆ. ಜೀವವಿಜ್ಞಾನದ ಪ್ರಿಪ್ರಿಂಟ್ ಭಂಡಾರ ಬಯೋಆರ್ಕೈವ್ ಆರಂಭವಾದದ್ದು 2013ರಲ್ಲಿ. ಕೋವಿಡ್ ಕಾಲದಲ್ಲಿ ಇದರ ಬಲವೂ ಅಪಾಯವೂ ಒಟ್ಟಿಗೆ ಕಂಡವು. ಕೊರೊನಾ ವೈರಸ್ಸಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂದ ಪ್ರಿಪ್ರಿಂಟ್ ಒಂದು 2020ರ ಜನವರಿ ಕೊನೆಯಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಜಗತ್ತಿನ ಮೂಲೆಮೂಲೆಯಿಂದ ತಜ್ಞರು ಅದರ ದೋಷ ಎತ್ತಿ ತೋರಿಸಿದರು, ಕೆಲವೇ ದಿನಗಳಲ್ಲಿ ಲೇಖಕರೇ ಅದನ್ನು ಹಿಂತೆಗೆದುಕೊಂಡರು. ತಪ್ಪು ತಿದ್ದಿಕೊಂಡ ವೇಗ ಮೆಚ್ಚತಕ್ಕದ್ದೇ. ಆದರೆ ಅಷ್ಟರಲ್ಲಿ ಹರಡಿದ ವದಂತಿಯನ್ನು ಹಿಂತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಪ್ರಿಪ್ರಿಂಟ್ ಆಧರಿಸಿ ಸುದ್ದಿ ಬರೆಯುವವರು, ಇದು ಇನ್ನೂ ಪರಿಶೀಲನೆಯಾಗದ ಪ್ರಬಂಧ ಎಂದು ಮೊದಲ ಸಾಲಿನಲ್ಲೇ ಹೇಳುವುದು ಅಗತ್ಯ.

ಹಣದ ಪ್ರಶ್ನೆಯೂ ಇದೆ. ಹಲವು ಪತ್ರಿಕೆಗಳನ್ನು ಓದಲು ಗ್ರಂಥಾಲಯಗಳು ಭಾರಿ ಚಂದಾ ತೆರಬೇಕು. ಓದುಗರಿಗೆ ಉಚಿತವಾಗಿಡುವ ಪತ್ರಿಕೆಗಳಲ್ಲಿ ಅನೇಕವು ಲೇಖಕರಿಂದ ಶುಲ್ಕ ಪಡೆಯುತ್ತವೆ. ‘ನೇಚರ್’ ಇಂಥ ಪ್ರಕಟಣೆಗೆ 2020ರಲ್ಲಿ ಘೋಷಿಸಿದ ಶುಲ್ಕ 9,500 ಯೂರೋ. ಭಾರತದ ಸಣ್ಣ ಊರಿನ ಕಾಲೇಜು ಅಧ್ಯಾಪಕರಿಗೆ ಎರಡೂ ನಿಲುಕದ ಮಾತು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಓದುವ ಕಷ್ಟವನ್ನು ಬಹುಮಟ್ಟಿಗೆ ನೀಗಿಸುತ್ತದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಒದಗಿಸುವ ಏರ್ಪಾಡು ಅದು. ದುಡ್ಡು ಕೊಟ್ಟರೆ ಏನನ್ನು ಬೇಕಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳ ಪಿಡುಗು ಮಾತ್ರ ಉಳಿದೇ ಇದೆ. ಬಡ್ತಿಗೆ ಇಷ್ಟು ಪ್ರಬಂಧ ಬೇಕೆಂದು ಎಣಿಸುವವರೆಗೂ ಅದು ತೊಲಗುವುದು ಕಷ್ಟ.

ಕೊನೆಯದು ಪ್ರಶಸ್ತಿ. ಯುವ ಸಂಶೋಧಕರಿಗೆ ಸಿಗುವ ಪ್ರಶಸ್ತಿಯಿಂದ ಅನುದಾನ, ಒಳ್ಳೆಯ ವಿದ್ಯಾರ್ಥಿಗಳು, ಸ್ವತಂತ್ರವಾಗಿ ಕೆಲಸ ಮಾಡುವ ಅವಕಾಶ ಒದಗಬಹುದು. ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನದ ಪ್ರಶಸ್ತಿಯಲ್ಲಿ ಜೀವವಿಜ್ಞಾನಕ್ಕೇ ಒಂದು ವಿಭಾಗವಿದೆ. ಸಾರ್ವಜನಿಕರು ಒಂದು ಸಂಶೋಧನೆಯ ಹೆಸರು ಕೇಳುವುದೂ ಬಹಳ ಸಲ ಪ್ರಶಸ್ತಿಯ ಸುದ್ದಿಯಲ್ಲೇ. ಆದರೆ ಅಳತೆಗೋಲಾಗಿ ಪ್ರಶಸ್ತಿ ಅಷ್ಟು ನೆಚ್ಚಿಕೆಯದಲ್ಲ. ಮೆಕ್‌ಕ್ಲಿಂಟಾಕ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ, ಅವರ 81ನೆಯ ವಯಸ್ಸಿನಲ್ಲಿ. ನೊಬೆಲ್ ಒಂದು ವಿಭಾಗದಲ್ಲಿ ಮೂವರನ್ನು ಮೀರುವಂತಿಲ್ಲ, ತೀರಿಹೋದವರಿಗೆ ಕೊಡುವಂತಿಲ್ಲ. ಡಿಎನ್‌ಎ ರಚನೆಯ ಶೋಧದಲ್ಲಿ ಪಾಲಿದ್ದ, 1958ರಲ್ಲಿ ನಿಧನರಾದ ರೊಸಾಲಿಂಡ್ ಫ್ರಾಂಕ್ಲಿನ್ 1962ರ ಡಿಎನ್‌ಎ ನೊಬೆಲ್‌ಗೆ ಅರ್ಹತೆಯ ಪಟ್ಟಿಯಲ್ಲೇ ಇರಲಿಲ್ಲ. ರಾಮಚಂದ್ರನ್ ಅವರಿಗೆ 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಸ್ಫಟಿಕವಿಜ್ಞಾನದ ಎವಾಲ್ಡ್ ಪ್ರಶಸ್ತಿ ಸಂದವು. ನೊಬೆಲ್ ಬರಲಿಲ್ಲ, 2001ರಲ್ಲಿ ಅವರು ತೀರಿಕೊಂಡರು. ಆದರೂ ಜೀವರಸಾಯನ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಅವರ ನಕ್ಷೆ ಇಂದಿಗೂ ಉಳಿದಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ ಜೀವಭೌತ ವಿಭಾಗವೂ ಉಳಿದಿದೆ.

ಭಾರತ ಸರ್ಕಾರ ತನ್ನ ವಿಜ್ಞಾನ ಪ್ರಶಸ್ತಿಗಳನ್ನು 2023ರಲ್ಲಿ ‘ರಾಷ್ಟ್ರೀಯ ವಿಜ್ಞಾನ ಪುರಸ್ಕಾರ’ ಎಂಬ ಹೆಸರಿನಲ್ಲಿ ಮರುರೂಪಿಸಿತು. ಭಟ್ನಾಗರ್ ಹೆಸರು ಈಗ ಅದರ ಯುವ ವಿಜ್ಞಾನಿಗಳ ವಿಭಾಗಕ್ಕಿದೆ. ಜೀವಮಾನದ ಸಾಧನೆಗೆ ಕೊಡುವ ‘ವಿಜ್ಞಾನ ರತ್ನ’ 2024ರಲ್ಲಿ ಮೊದಲ ಬಾರಿಗೆ ಸಂದದ್ದು ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ. ಇಡೀ ತಂಡವನ್ನೇ ಗೌರವಿಸುವ ‘ವಿಜ್ಞಾನ ಟೀಮ್’ ಇದರಲ್ಲಿ ಹೊಸ ಸೇರ್ಪಡೆ. ಮೊದಲ ವರ್ಷ ಅದನ್ನು ಚಂದ್ರಯಾನ-3ರ ತಂಡ ಪಡೆಯಿತು. ಒಂದೊಂದು ಪ್ರಬಂಧಕ್ಕೆ ಹತ್ತಾರು, ಕೆಲವೊಮ್ಮೆ ನೂರಾರು ಲೇಖಕರಿರುವ ಇಂದಿನ ಜೀನೋಮ್ ಸಂಶೋಧನೆಗೆ ಒಪ್ಪುವುದು ಈ ಬಗೆಯ ಪುರಸ್ಕಾರವೇ.